ರಜೆಯ ದಿನವೂ ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿದ ನನ್ನ ಮಿದುಳಿಗೆ

ನನ್ನ ಹಣೆಯ ಹಿಂದೆ ಕಿಟಕಿಯಿಲ್ಲದ ಕಚೇರಿ ನಡೆಸುತ್ತಿರುವ, ಹೊರಟ ಕೆಲಸವನ್ನು ನೆನಪಿಡುವ ಖಾತೆಯ ಘನ ಅಧಿಕಾರಿಗಳಾದ ಮಿದುಳಿನ ಮುಂಭಾಗದವರಿಗೆ, ಇಪ್ಪತ್ತೆರಡು ವರ್ಷಗಳಿಂದ ಹನ್ನೆರಡನೇ ನಂಬರ್ ಬಸ್ಸು ಓಡಿಸುತ್ತಿರುವ ನಾನು, ಒಳಗಿರುವ ತಾವು ಉರುಳಿ ಬೀಳದಂತೆ ಸ್ವಲ್ಪವೇ ತಲೆಬಾಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಮನುಷ್ಯನ ಮಿದುಳು ದಾರಿ ತಪ್ಪಿದರೂ ಗುರಿ ಬಿಡುವುದಿಲ್ಲ, ಗುರಿ ಬದಲಾದರೆ ಹಳೆಯ ರೂಢಿಯನ್ನು ಆ ಕ್ಷಣವೇ ಬಿಟ್ಟುಬಿಡುತ್ತದೆ ಎಂದು ಮಗಳು ಪುಸ್ತಕ ಓದಿ ಹೇಳಿದಾಗ ನಾನು ಹೆಮ್ಮೆಯಿಂದ ತಲೆ ಸವರಿಕೊಂಡಿದ್ದೆ. ಆ ಮಗಳಿಗೇ ಮೊನ್ನೆ ಗುರುವಾರ ಮೊದಲ ಕೆಲಸದ ಸಂದರ್ಶನ. ಹತ್ತು ಗಂಟೆ ದಾಟಿದರೆ ಒಳಗೆ ಬಿಡುವುದಿಲ್ಲ. ರಜೆ ಹಾಕಿ, ಭಾವಮೈದುನನ ಕಾರು ಕೇಳಿ ತಂದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ತಮ್ಮ ಕರ್ತವ್ಯನಿಷ್ಠೆಯನ್ನು ಏನೆಂದು ಹೊಗಳಲಿ! ಮೊದಲ ಬಸ್ ಸ್ಟಾಪಿನಲ್ಲಿ ಕಾರು ನಿಂತಿತು. ಎರಡನೆಯದರಲ್ಲೂ ನಿಂತಿತು. ಮೂರನೆಯದರಲ್ಲಿ ದಿನಾ ನನ್ನ ಬಸ್ಸಿಗೆ ಬರುವ ಅಜ್ಜಿ ಹಿಂದಿನ ಬಾಗಿಲು ತೆಗೆದು ಕುಳಿತು, ಏನಪ್ಪಾ, ಇವತ್ತು ಸಣ್ಣ ಬಸ್ಸು ಬಿಟ್ಟಿದ್ದಾರಲ್ಲ ಅಂದರು. ನಾನು ಕನ್ನಡಿ ನೋಡಿ, ಹಿಂದೆ ಹೋಗಿ, ಹಿಂದೆ ಹೋಗಿ ಎಂದೆ. ಅಪ್ಪಾ, ಇದು ಮಾವನ ಕಾರು, ಗಂಟೆ ನೋಡು ಎಂದು ಮಗಳು ಕಿರುಚಿದಾಗ ತಾವು ಮೈಮುರಿದು ಎದ್ದಿರಿ.

ಎದ್ದ ಮೇಲಿನ ತಮ್ಮ ಪ್ರತಾಪವನ್ನು ಮರೆತರೆ ನಾನು ಕೃತಘ್ನ. ಮುಂದೆ ರಸ್ತೆ ಅಗೆದು ಹಾಕಿದ್ದರು. ಹನ್ನೆರಡನೇ ನಂಬರು ಕನಸಿನಲ್ಲೂ ಕಾಣದ ಗಲ್ಲಿಗಳಲ್ಲಿ, ಶಾಲೆಯ ಹಿಂದಿನಿಂದ, ಒಣಹಾಕಿದ ಬಟ್ಟೆಗಳ ಕೆಳಗಿನಿಂದ ಕಾರು ನುಗ್ಗಿಸಿ, ಒಂಬತ್ತು ಐವತ್ತೆಂಟಕ್ಕೆ ಅವಳನ್ನು ಗೇಟಿಗೆ ಮುಟ್ಟಿಸಿದಿರಿ. ಅಬ್ಬಬ್ಬಾ, ಅಜ್ಜಿ ಚಪ್ಪಾಳೆಯನ್ನೇ ತಟ್ಟಿದರು! ಮಗಳನ್ನು ಸೋಮವಾರ ಎರಡನೇ ಸುತ್ತಿಗೆ ಕರೆದಿದ್ದಾರೆ.

ಇಷ್ಟು ಸಾಮರ್ಥ್ಯವಿರುವ ತಾವು ನೆಟ್ಟಗಿರುವ ರಸ್ತೆಯಲ್ಲಿ ಮಲಗಿ, ಅಗೆದ ರಸ್ತೆಯಲ್ಲಿ ಮಾತ್ರ ಏಳುವುದೇಕೆ ಎಂದು ಕೇಳುವ ಧೈರ್ಯ ನನಗಿಲ್ಲ. ಇನ್ನು ಮುಂದೆ ಹೊರಡುವ ಮುನ್ನ, ಇವತ್ತು ಎಲ್ಲಿಗೆ ಎಂಬ ಬೋರ್ಡನ್ನು ನನ್ನ ಹಣೆಯ ಒಳಬದಿಗೆ ತಗುಲಿಸಿ, ಸಾಧ್ಯವಾದರೆ ಒಬ್ಬ ಕಂಡಕ್ಟರನ್ನೂ ನೇಮಿಸಬೇಕೆಂದು ಬೇಡುತ್ತೇನೆ.

ಬೋರ್ಡಿಗಾಗಿ ಎಂಜಿನ್ ಆರಿಸದೆ ಕಾದಿರುವ
ತಮ್ಮ ವಿಶ್ವಾಸಿ,
ಹನ್ನೆರಡನೇ ನಂಬರಿನ ಡ್ರೈವರ್

ತಾ.ಕ.: ಸೋಮವಾರ ನನಗೆ ರಜೆ ಸಿಕ್ಕಿಲ್ಲ. ನಿನ್ನ ಕಾರಿಗಿಂತ ನಿನ್ನ ಬಸ್ಸೇ ವಾಸಿ ಅಂತ ಮಗಳು ನನ್ನ ಬಸ್ಸಿಗೇ ಬರುತ್ತಾಳಂತೆ. ಕೊನೆಯ ಸ್ಟಾಪಿನಿಂದ ಆ ಗೇಟಿಗೆ ಕಾಲು ಗಂಟೆ ನಡೆಯಬೇಕು, ಪಾಪ. ಅಂದು ಒಂದು ದಿನ ಮಾತ್ರ ತಾವು ದಯಮಾಡಿ ಏಳಬೇಡಿ. ಎದ್ದರೆ ನನ್ನನ್ನು ನಾನು ಬಲ್ಲೆ, ಬಸ್ಸು ಆ ಗೇಟಿಗೇ ಹೋಗಿ ನಿಂತು, ಐವತ್ತು ಜನ ಪ್ರಯಾಣಿಕರೂ ಅವಳ ಜೊತೆ ಸಂದರ್ಶನಕ್ಕೇ ಇಳಿಯುತ್ತಾರೆ.