ಶಾಲಿನಿಯಕ್ಕನ ಗ್ರಾಫು

ವಾದದಲ್ಲಿ ಗೆಲ್ಲುವವರಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ. ಇದು ನನ್ನ ಅನುಭವ; ಬೇಕಾದರೆ ಖಂಡಿಸಿ, ಮರುವಾದಕ್ಕೆ ಸಿದ್ಧಳಿದ್ದೇನೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು ಗೆದ್ದು, ‘ಅದಕ್ಕೆ ಪುರಾವೆ ಏನು?’ ಎಂದು ಕೇಳುವುದು ನನಗೆ ಆಕಳಿಕೆಯಷ್ಟೇ ಸಹಜವಾಗಿಬಿಟ್ಟಿದೆ. ಅಮ್ಮ ಒಮ್ಮೆ “ನಿನ್ನನ್ನ ಕಂಡ್ರೆ ನಂಗೆಷ್ಟು ಪ್ರೀತಿ ಗೊತ್ತಾ?” ಎಂದಾಗಲೂ ಕೇಳಿದ್ದೆ. ಪುರಾವೆ ಬೆನ್ನ ಮೇಲೆ ಬಿತ್ತು.

ಈಗ ಜರ್ಮನಿಯ ಕಲೋನಿನಲ್ಲಿ ಓದುತ್ತ, ಉಡುಪಿ ಕಡೆಯ ಶಾಲಿನಿಯಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಈ ವರ್ಷ ಅಕ್ಕ ಇಲ್ಲಿನ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಎದುರಾಳಿ ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ ನಾಗೇಂದ್ರ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ಬರೆಯುವವರು ಅಕ್ಕನ ಗಂಡ ದಿನಕರ ಭಾವ. ಮಾಧ್ಯಮ ನಿಷ್ಪಕ್ಷಪಾತವಾಗಿರಬೇಕು ಎಂಬುದು ಅವರ ಧರ್ಮ. ಪ್ರತಿ ಭಾನುವಾರ ಗುಂಪಿನಲ್ಲೊಂದು ಸಮೀಕ್ಷೆ ಹಾಕಿ, ಬಣ್ಣಬಣ್ಣದ ಗ್ರಾಫು ಬಿಡಿಸಿ, ‘ಅಚ್ಚರಿಯ ತಿರುವು! ಶಾಲಿನಿಗೆ ಭಾರೀ ಹಿನ್ನಡೆ!’ ಎಂದು ತಲೆಬರಹ ಕೊಟ್ಟು, ಅದೇ ಶಾಲಿನಿ ಬಡಿಸುವ ಊಟಕ್ಕೆ ಬಂದು ಕೂರುತ್ತಿದ್ದರು.

“ಹಿನ್ನಡೆ ಸರಿ, ‘ಭಾರೀ’ ಎಂತಕ್ಕೆ ಮಾರಾಯ್ರೇ?” ಎಂದರು ಅಕ್ಕ.

“ಓದುವವರಿಗೆ ಸ್ವಲ್ಪ ಕುತೂಹಲ ಬೇಡ್ವಾ?”

“ಹಾಗಾದ್ರೆ ಓದುವವರ ಮನೆಯಲ್ಲೇ ಊಟ ಮಾಡಿ.”

ಅಕ್ಕ ಮುಂದಿದ್ದ ವಾರ ನೀರುದೋಸೆ, ಹಿಂದುಳಿದ ವಾರ ಬರೀ ಬ್ರೆಡ್ಡು. ಈ ದೇಶದಲ್ಲಿ ಬ್ರೆಡ್ಡಿಗೆ ಬಹಳ ಗೌರವವಿದೆ ನಿಜ. ಆದರೆ ಗೌರವವನ್ನು ಮೂರು ಹೊತ್ತೂ ತಿನ್ನಲಾಗುವುದಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ: “ಅಧ್ಯಕ್ಷರಾಗಿ ಏನು ಸಾಧಿಸ್ಬೇಕು ಅಂತಿದೀರಾ ಅಕ್ಕಾ?”

“ಎಂತ ಸಾಧನೆಯೂ ಬೇಡ ಮಾರಾಯ್ತಿ. ಇಷ್ಟು ವರ್ಷದ ರಾಜ್ಯೋತ್ಸವದಲ್ಲಿ ನಾನು ನೋಡಿದ್ದು ಪಲಾವಿನ ಪಾತ್ರೆ ಮಾತ್ರ. ನಾಟಕ ಎಲ್ಲ ಗೋಡೆಯಾಚೆಯಿಂದ ಕೇಳಿದ್ದೇ. ಒಮ್ಮೆ ಮುಂದಿನ ಸಾಲಿನಲ್ಲಿ ಕೂತು ನೋಡ್ಬೇಕು ಅಂತ ಆಸೆ ಉಂಟು. ಅಧ್ಯಕ್ಷರನ್ನು ಯಾರೂ ಅಡುಗೆಮನೆಗೆ ಕರೆಯುದಿಲ್ಲ ಅಲ್ವಾ?”

ಇದಕ್ಕೆ ಪುರಾವೆ ಬೇಕಿರಲಿಲ್ಲ. ಅಂದಿನಿಂದ ನಾನು ಅಕ್ಕನ ಪಕ್ಷ.

ಮೊದಲು ಭಾವನ ಸಮೀಕ್ಷೆಯನ್ನೇ ಕೆದಕಿದೆ. ನೋಡಿದರೆ, ಸಂಘದ ಸದಸ್ಯರಿಗಿಂತ ಬಿದ್ದ ವೋಟುಗಳೇ ಹೆಚ್ಚು! ಟಿಕ್ ಹಾಕಿದವರ ಹೆಸರು ತೆರೆದೆ. ಅರ್ಧಕ್ಕರ್ಧ ಜನ ಇಬ್ಬರಿಗೂ ಹಾಕಿದ್ದಾರೆ. ಒಬ್ಬರಿಗೆ ಒಂದೇ ಉತ್ತರ ಎಂದು ಭಾವ ಮಿತಿ ಹಾಕಿಯೇ ಇರಲಿಲ್ಲ. ಹೆಸರು ಎಲ್ಲರಿಗೂ ಕಾಣುವಾಗ ಯಾರನ್ನು ಬಿಡುವುದು? ಜರ್ಮನ್ನರಾದರೆ ಬೇಡವೆಂಬುದನ್ನು ಮುಖಕ್ಕೇ ಹೇಳಿ ಸೈಕಲ್ ಹತ್ತುತ್ತಾರೆ. ನಮ್ಮವರದು ದಾಕ್ಷಿಣ್ಯ. ನಾಗೇಂದ್ರ ಯಾರನ್ನೋ ವಿಳಾಸ ನೋಂದಣಿಗೆಂದು ಇಲ್ಲಿನ ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋದರೆ ಆ ಮನೆಯ ಟಿಕ್ಕು ಅತ್ತ ವಾಲುತ್ತದೆ. ಅಕ್ಕ ಒಂದು ಡಬ್ಬಿ ಮಾವಿನಮಿಡಿ ಕಳಿಸಿದರೆ ಇತ್ತ ಮರಳುತ್ತದೆ.

“ಅಂದ್ರೆ ನನ್ನ ಗ್ರಾಫು?” ಎಂದರು, ನಾನು ತೋರಿಸಿದ್ದನ್ನೆಲ್ಲ ನೋಡಿದ ಭಾವ.

“ಯಾರ ಮನೇಲಿ ಕೊನೇ ಸಲ ಕಾಫಿ ಕುಡಿದ್ರು ಅನ್ನೋದರ ಗ್ರಾಫು, ಭಾವ.”

ಅವರ ಮುಖ ಬಾಡಿತು. ಅಕ್ಕನೇ ಅಡ್ಡ ಬಂದರು: “ಪಾಪ, ಇವರಿಗೆ ಹಾಗೆಲ್ಲ ಹೇಳ್ಬೇಡ. ಬಣ್ಣ ಚಂದ ಉಂಟು.”

ಮತದಾನದ ದಿನ ಅಕ್ಕನ ಪರವಾಗಿ ಮಾತಾಡಲು ನಿಂತೆ. ಅಡುಗೆಮನೆ ಯಾರೊಬ್ಬರ ಪಿತ್ರಾರ್ಜಿತವೂ ಅಲ್ಲ, ಕೈಕಾಲು ಗಟ್ಟಿಯಿರುವ ಪ್ರತಿಯೊಬ್ಬರೂ ಸರದಿಯಂತೆ ಸೌಟು ಹಿಡಿಯಬೇಕು ಎಂದು ಗುಡುಗಿದೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಗುಪ್ತ ಮತದಾನ. ಹೆಸರು ಕಾಣದಿರುವಾಗ ದಾಕ್ಷಿಣ್ಯಕ್ಕೆ ಕೆಲಸವಿಲ್ಲ, ಅಕ್ಕ ಗೆದ್ದರು. ಭಾವ ಅಲ್ಲೇ ಕೂತು ‘ಅಚ್ಚರಿಯ ತಿರುವು!’ ಎಂದು ಬರೆದರು.

“ಇದರಲ್ಲಿ ಅಚ್ಚರಿ ಎಂತದ್ದು? ನೀವು ಯಾರಿಗೆ ಹಾಕಿದ್ದು, ಅದನ್ನು ಹೇಳಿ.”

“ಮಾಧ್ಯಮದವರು ಅದನ್ನೆಲ್ಲ ಹೇಳಬಾರದು ಶಾಲಿನಿ,” ಎಂದು ಭಾವ ಮೊಬೈಲಿನಲ್ಲಿ ಮುಖ ಹುದುಗಿಸಿದರು. ಕಿವಿ ಮಾತ್ರ ಕೆಂಪಗಾಗಿತ್ತು.

ರಾಜ್ಯೋತ್ಸವ ಬಂತು. ಅಧ್ಯಕ್ಷೆ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನ ನಟ್ಟನಡುವೆ ಕೂತರು. ಅವರ ಮೊದಲ ಆದೇಶವೇ ಅಡುಗೆಮನೆಯ ಸರದಿ. “ಮೊದಲ ಪಾಳಿ ನಿನ್ನದೇ ಆಯ್ತಾ? ಭಾಷಣ ಎಷ್ಟು ಚಂದ ಮಾಡಿದ್ದಿ!” ಎಂದಿದ್ದರು.

ಹೀಗೆ ನಾನು ಕೇಸರಿಬಾತು ತಿರುವುತ್ತ, ನಾಟಕವನ್ನು ಗೋಡೆಯಾಚೆಯಿಂದ ಕೇಳಿದೆ. ಎಲ್ಲರ ನಗುವಿನ ಮೇಲೆ ಅಕ್ಕನ ನಗು ಕೇಳುತ್ತಿತ್ತು. ಊಟದ ಹೊತ್ತಿಗೆ ತಟ್ಟೆ ಹಿಡಿದು ಬಂದ ಒಬ್ಬೊಬ್ಬರನ್ನೂ ಕೇಸರಿಬಾತು ಹೇಗಿದೆಯೆಂದು ಕೇಳಿದೆ. ಒಬ್ಬರೂ ತಪ್ಪದೆ “ತುಂಬಾ ಚೆನ್ನಾಗಿದೆ” ಎಂದರು. ಪ್ರಜಾಪ್ರಭುತ್ವದಲ್ಲಿ ಇಷ್ಟು ಸ್ಪಷ್ಟವಾದ ಜನಾಭಿಪ್ರಾಯವನ್ನು ಶಂಕಿಸುವುದು ಸಲ್ಲದು ಎಂದುಕೊಂಡು, ತಳಹತ್ತಿ ಕರಿಯಾಗಿದ್ದ ಪಾತ್ರೆಯನ್ನು ಯಾರಿಗೂ ಕಾಣದಂತೆ ತಿರುಗಿಸಿಟ್ಟು ಉಜ್ಜತೊಡಗಿದೆ.