ಬಲಕ್ಕೆ ತಿರುಗಿದರೆ ಬಿಕ್ಕುವ ಕಾರು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ ನಾನು ನನ್ನದೇ ಕಾರಿನ ಬಾನೆಟ್ ಎತ್ತುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾತ್ರ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ಸರೋಜ ಆಗಲೇ ನಕ್ಕು ಮುಗಿಸಿದ್ದಾಳೆ. ಈ ದಸರಾ ಕಳೆದ ಮೇಲೆ ಕಾರಿಗೊಂದು ಚಾಳಿ ಶುರುವಾಯಿತು. ನೇರ ರಸ್ತೆಯಲ್ಲಿ ಪರಮ ಸಾಧು, ಬಲಕ್ಕೆ ತಿರುಗಿಸಿದರೆ ಮಾತ್ರ ಎಂಜಿನ್ ಒಂದು ಕ್ಷಣ ಬಿಕ್ಕಿ ಮತ್ತೆ ಹೊರಡುವುದು. ಚಾಮರಾಜಪೇಟೆಯ ನಮ್ಮ ಮನೆಯಿಂದ ಬಸವನಗುಡಿಗೆ ಬರೀ ಎಡ ತಿರುವುಗಳ ದಾರಿ ಹುಡುಕಿ ಊರೆಲ್ಲ ಸುತ್ತಿದ್ದೂ ಆಯಿತು. ಕೊನೆಗೊಂದು ದಿನ ಕಲಾಸಿಪಾಳ್ಯದಲ್ಲಿ ಬಸ್ಸಿನ ಮುಂದೆಯೇ ಬಿಕ್ಕಿತು. "ರೀ, ಇನ್ನೊಂದ್ಸಲ ಹೀಗಾದ್ರೆ ಗಾಡಿ ಮಾರ್ಬಿಡೋಣ," ಎಂದಳು ಸರೋಜ. ಮಾರುವುದೇ? ಮಗಳನ್ನು ಹಸುಗೂಸಾಗಿ ಆಸ್ಪತ್ರೆಯಿಂದ ಮನೆಗೆ ತಂದ ಕಾರದು!

ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲು ಒಂದು ಮಗ್ಗುಲಿಗೆ ಸರಿಯುತ್ತದೆಂದು ಬಾಣದ ಗುರುತುಗಳ ಸಮೇತ ಚಿತ್ರ ಬರೆದೆ. ಟ್ಯಾಂಕ್ ಭರ್ತಿ ಮಾಡಿಸಿದೆ. ಬಿಕ್ಕಳಿಕೆ ಹಾಗೆಯೇ ಇತ್ತು. ಚಿತ್ರ ಹಿಡಿದು ಮಾವಳ್ಳಿಯ ಮೆಕ್ಯಾನಿಕ್ ಮುನಿರಾಜು ಹತ್ತಿರ ಹೋದೆ. ಆತ ಅದನ್ನು ಮರ್ಯಾದೆಯಿಂದ ಮಡಿಸಿ ವಾಪಸ್ ಕೊಟ್ಟು, ಪಕ್ಕದ ಸೀಟಿನಲ್ಲಿ ಕೂತ. "ನೀವು ಓಡ್ಸಿ ಸಾರ್. ಹಾಗೇ ರೇಡಿಯೋ ಹಾಕಿ." ಕೆಲಸದ ಹೊತ್ತಿನಲ್ಲೂ ಎಂಥ ಶೋಕಿಯಪ್ಪಾ ಅಂದುಕೊಂಡೆ. ಮಹಾರಾಯ ಕಣ್ಣನ್ನೂ ಮುಚ್ಚಿಕೊಂಡ. ಎರಡನೆಯ ಬಲ ತಿರುವಿಗೆ ಕಣ್ಣು ಬಿಟ್ಟ.

"ಪೆಟ್ರೋಲ್ ಅಲ್ಲ ಸಾರ್. ಎಂಜಿನ್ ಬಿಕ್ಕಿದಾಗ ಹಾಡೂ ಬಿಕ್ತು. ಇದು ಕರೆಂಟಿಂದು."

ನಾನೂ ಮೂರು ವಾರದಿಂದ ಅದೇ ರೇಡಿಯೋ ಕೇಳಿಕೊಂಡೇ ಓಡಿಸುತ್ತಿದ್ದೆ. ನನ್ನದೂ ಒಂದು ಕಿವಿಯೇ! ಎದ್ದು ಕೈಮುಗಿಯಬೇಕೆನ್ನಿಸಿತು, ಕೈಯಲ್ಲಿ ಸ್ಟೀರಿಂಗ್ ಇತ್ತೆಂದು ಸುಮ್ಮನಾದೆ.

ಗ್ಯಾರೇಜಿಗೆ ಬಂದು ಆತ ಬಾನೆಟ್ ಎತ್ತಿದ. ಬ್ಯಾಟರಿಯ ಟರ್ಮಿನಲ್‌ಗೂ ವೈರಿನ ಕ್ಲಾಂಪಿಗೂ ನಡುವೆ ಒಂದು ದಾರ, ಅದರ ತುದಿಯಲ್ಲಿ ಒಣಗಿದ ಚೆಂಡುಹೂವು.

"ಇದನ್ಯಾರು ಸಾರ್ ಕಟ್ಟಿದ್ದು?"

ಇನ್ಯಾರು? ಹೊರಗೆ ಹಾರ ಎಲ್ಲರೂ ಹಾಕುತ್ತಾರೆ, ಒಳಗಿರುವ ಶಕ್ತಿಗೂ ಒಂದಿರಲಿ ಎಂದು ನಟ್ಟು ಸಡಿಲಿಸಿ ದಾರ ಸಿಕ್ಕಿಸಿದ್ದೆ. ನಟ್ಟನ್ನು ಮತ್ತೆ ಬಿಗಿಮಾಡುವುದು ಮಂಗಳಾರತಿಯ ಗಡಿಬಿಡಿಯಲ್ಲಿ ಮರೆತಿತ್ತು. ಬಲಕ್ಕೆ ತಿರುಗಿದಾಗಲೆಲ್ಲ ವೈರು ವಾಲಿ ಕರೆಂಟು ತಪ್ಪುತ್ತಿತ್ತಂತೆ. ಮುನಿರಾಜು ದಾರ ಕಿತ್ತು, ನಟ್ಟು ಬಿಗಿದ. ಒಣಗಿದ ಹೂವನ್ನೂ ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟ, ಪುಣ್ಯಾತ್ಮ.

ಸಂಜೆ ಸರೋಜಳನ್ನು ಕೂರಿಸಿಕೊಂಡು ಕಲಾಸಿಪಾಳ್ಯದ ಅದೇ ತಿರುವಿಗೆ ಹೋದೆ. ಕಾರು ಬೆಣ್ಣೆಯಂತೆ ತಿರುಗಿತು. ಅವಳಿಗೂ ಖುಷಿಯಾಯಿತು.

"ಸದ್ಯ, ಮಾರೋದ್ ಬೇಡ ಬಿಡಿ. ಏನಾಗಿತ್ತಂತೆ?"

"ಬ್ಯಾಟರಿ ವೈರ್ ಸಡಿಲ ಆಗಿತ್ತಂತೆ."

"ಅದು ಹೇಗ್ರೀ ಸಡಿಲ ಆಗುತ್ತೆ?"

ನಮ್ಮ ಮನೆಗೆ ಎಡಕ್ಕೆ ಹೋಗಬೇಕಿತ್ತು. ನಾನು ಬಲಕ್ಕೆ ತಿರುಗಿಸಿದೆ. ಕಾರು ಒಂಚೂರೂ ಬಿಕ್ಕಲಿಲ್ಲ. ಬಿಕ್ಕಿದ್ದು ನಾನೇ.