ಹೇಳಿ ಮಾಡಿಸಿದ ಬ್ಯಾರೆಲ್

ನನ್ನ ರೈಫಲಿಗೆ ಹೇಳಿ ಮಾಡಿಸಿದ ಹೊಸ ಬ್ಯಾರೆಲ್ ಬಂದ ದಿನ, ಇನ್ನು ಗುರಿ ತಪ್ಪುವ ಪ್ರಶ್ನೆಯೇ ಇಲ್ಲವೆಂದು ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ಸಿಹಿ ಹಂಚಿದೆ. ದುಬೈ ಹೊರವಲಯದ ಶೂಟಿಂಗ್ ಕ್ಲಬ್ಬಿನಲ್ಲಿ ಅದನ್ನು ಕೂರಿಸಿಕೊಟ್ಟವರು ಅಲ್ಲಿನ ಮೆಕ್ಯಾನಿಕ್ ಅಬ್ಬಾಸಣ್ಣ, ನಮ್ಮ ಬಂಟ್ವಾಳದ ಕಡೆಯವರು. ಮೊದಲ ವಾರ ಹೊಡೆದ ಐದೂ ಗುಂಡುಗಳು ಅಂಗಿ ಗುಂಡಿಯಷ್ಟು ಜಾಗದಲ್ಲೇ ಬಿದ್ದವು.

ಮರುವಾರ ಆಯುಧ ಪೂಜೆ. ದೇರಾದ ನಮ್ಮ ಮನೆಯಲ್ಲಿ ಕಾರು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆಯಾಯಿತು. ರೈಫಲನ್ನು ಮನೆಗೆ ತರುವಂತಿಲ್ಲ. ಹಾಗಾಗಿ ಡಬ್ಬಿಯಲ್ಲಿ ಗಂಧ ಒಯ್ದು ಕ್ಲಬ್ಬಿನಲ್ಲೇ ಶಾಸ್ತ್ರ ಮುಗಿಸಿದೆ.

ಅಂದಿನಿಂದ ಗುಂಡುಗಳು ದಿಕ್ಕಿಗೊಂದರಂತೆ ಹೋಗತೊಡಗಿದವು! ಕಾಫಿ ಬಿಟ್ಟೆ. ಕನ್ನಡಕ ಬದಲಾಯಿಸಿದೆ. ಗುಂಡಿನ ಕಂಪನಿಯನ್ನೂ ಬದಲಾಯಿಸಿದೆ. ದೈವಬಲವೂ ಇರಲೆಂದು ಪ್ರತಿ ಸಲ ರೈಫಲಿಗೆ ಹೊಸದಾಗಿ ಗಂಧ ಹಚ್ಚಿದೆ. ಒಂದು ಗುಂಡು ಪಕ್ಕದವರ ಗುರಿ ಹಲಗೆಗೆ ಬಿದ್ದು ಅವರಿಗೆ ಅಂಕ ತಂದಿತು. ಅವರು ಥ್ಯಾಂಕ್ಸ್ ಹೇಳಿದರು.

ಎರಡು ಸಲ ರೈಫಲನ್ನು ಚೆನ್ನಾಗಿ ಒರೆಸಿ ಅಬ್ಬಾಸಣ್ಣನಿಗೆ ಕೊಟ್ಟೆ.

"ಶೆಟ್ರೇ, ಬ್ಯಾರೆಲಿಗೆ ಎಂತ ಆಗ್ಲಿಲ್ಲ. ನಾನು ಹೊಡೆದ್ರೆ ಸರಿ ಬೀಳ್ತದೆ" ಎಂದರು.

"ಹಾಗಾದ್ರೆ ನನಗೆ ಹೊಡೀಲಿಕ್ಕೆ ಬರೂದಿಲ್ವಾ?"

ಅವರು ನನ್ನ ಹೊಸ ಕನ್ನಡಕವನ್ನೊಮ್ಮೆ ನೋಡಿದರು. ಆ ನೋಟಕ್ಕೇ ನನ್ನ ಪಿತ್ತ ನೆತ್ತಿಗೇರಿತು. ಬ್ಯಾರೆಲ್ ಕೂರಿಸಿದ್ದೇ ಸರಿಯಿಲ್ಲವೆಂದು ಕ್ಲಬ್ಬಿನ ಕಾರ್ಯದರ್ಶಿಗೆ ನಾಲ್ಕು ಪುಟದ ದೂರು ಬರೆದೆ. ಶನಿವಾರ ತನ್ನೆದುರೇ ಪರೀಕ್ಷೆಯಾಗಲಿ, ಬ್ಯಾರೆಲಿನದ್ದೇ ದೋಷವಾದರೆ ಅಬ್ಬಾಸಣ್ಣನ ಕೆಲಸ ಖಲಾಸ್ ಎಂದು ಆತ ತಿಳಿಸಿದ.

"ಈ ಪ್ರಾಯದಲ್ಲಿ ಅವರ ಅನ್ನಕ್ಕೆ ಕಲ್ಲು ಹಾಕ್ಬೇಡಿ ಮಾರಾಯ್ರೆ" ಎಂದಳು ಹೆಂಡತಿ ಸುಜಾತ.

"ಇದು ತತ್ತ್ವದ ಪ್ರಶ್ನೆ" ಎಂದೆ. ಯಾವ ತತ್ತ್ವವೆಂದು ಅವಳು ಕೇಳಲಿಲ್ಲ, ಪುಣ್ಯ.

ಶನಿವಾರ ಬೆಳಿಗ್ಗೆ ಕಾರ್ಯದರ್ಶಿ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿ ಕುಳಿತ. ಅಬ್ಬಾಸಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮಹತ್ವದ ದಿನವಾದ್ದರಿಂದ ಅಂದು ಗಂಧ ಸ್ವಲ್ಪ ದಪ್ಪಗೇ ಹಚ್ಚಿದ್ದೆ. ನೆಲಕ್ಕೆ ಮಲಗಿ ಐದು ಗುಂಡು ಹೊಡೆದೆ. ಹಲಗೆಯ ಮೇಲೆ ಕಂಡದ್ದು ಮೂರೇ ತೂತು, ಅವೂ ದಿಕ್ಕಿಗೊಂದು!

ಕಾರ್ಯದರ್ಶಿ ಪೆನ್ನು ತೆಗೆದ. ಅಬ್ಬಾಸಣ್ಣನ ಮುಖ ಬಿಳಿಚಿಕೊಂಡಿತು. ಗೆದ್ದೆನೆಂದು ಖುಷಿಪಡಬೇಕಾಗಿದ್ದ ನನಗೆ ಸುಜಾತ ಹೇಳಿದ ಅನ್ನದ ಮಾತು ನೆನಪಾಯಿತು. ಅಷ್ಟರಲ್ಲಿ ಅವರು ಮುಂದೆ ಬಂದು, ರೈಫಲ್ ಖಾಲಿಯೆಂದು ನೋಡಿಕೊಂಡು, ಬ್ಯಾರೆಲಿನ ತುದಿಗೆ ಬಗ್ಗಿದರು.

"ಶೆಟ್ರೇ, ಇದರ ಬಾಯಿಗೆ ಎಂತ ಮೆತ್ತಿದ್ದು?"

"ಗಂಧ."

"ಯಾವಾಗಿಂದ?"

"ಆಯುಧ ಪೂಜೆಯಿಂದ. ಪ್ರತಿ ಸಲ."

"ಗುಂಡು ಹೊರಗೆ ಬರುವ ಜಾಗ ಅದು. ಅಲ್ಲಿ ಒಂದು ಬದಿಗೆ ಅಂಟಿದ್ರೆ ಗುಂಡು ಸೀದಾ ಹೋಗ್ತದಾ? ನನಗೆ ಕೊಡುವಾಗ ಇರ್ಲಿಲ್ಲ ಅಲ್ವಾ?"

"ಒರೆಸಿ ಕೊಡ್ತಿದ್ದೆ. ಕೊಳಕಾಗಿ ಕೊಟ್ರೆ ಚಂದವಾ?"

ಅವರು ಬಟ್ಟೆ ತಂದು ಒರೆಸಿದರು. ಮತ್ತೆ ಮಲಗಿ ಗುರಿಯಿಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನ ದೂರು ಸೋಲಲೆಂದು ನಾನೇ ಬೇಡಿಕೊಂಡೆ. ಐದೂ ಗುಂಡುಗಳು ಅಂಗಿ ಗುಂಡಿಯಷ್ಟು ಜಾಗದಲ್ಲಿ ಬಿದ್ದವು.

ಕಾರ್ಯದರ್ಶಿ ಪೆನ್ನನ್ನು ನನ್ನ ಕೈಗೆ ಕೊಟ್ಟ. 'ದೂರು ಹಿಂತೆಗೆದುಕೊಂಡಿದ್ದೇನೆ' ಎಂದು ಬರೆದು ಅಬ್ಬಾಸಣ್ಣನಿಗೆ ತೋರಿಸಿದೆ.

"ದೂರು ನಾಲ್ಕು ಪುಟ ಇತ್ತು. ಕಾರಣ ಒಂದು ಸಾಲಾದ್ರೂ ಬೇಡ್ವಾ ಶೆಟ್ರೇ?"

ಬರೆದೆ: 'ಬ್ಯಾರೆಲ್ ಸರಿಯಾಗಿದೆ. ದೋಷ ಅದರ ಹಿಂದೆ ಮಲಗಿದ್ದ ಭಾಗದಲ್ಲಿದೆ.'